ಹೊಟ್ಟೇಲಿ ತಂದ್ರೆ ಯಾರು ಹಿಡೀತಾರೆ

ನಮ್ಮ ಕಾರವಾರದ ಹುಡುಗ್ರು ಹೇಳೋ ಒಂದು ಜೋಕ್ ಇದೆ, ಗೋವಾದಿಂದ ಬಾಟ್ಲಿ ತಂದ್ರೆ ಮಾಜಾಳಿ ಚೆಕ್‌ಪೋಸ್ಟಲ್ಲಿ ಅಬಕಾರಿಯೋರು ಹಿಡೀತಾರೆ, ಹೊಟ್ಟೇಲಿ ಹಾಕ್ಕೊಂಡು ಬಂದ್ರೆ ಯಾರು ಹಿಡೀತಾರೆ ಮಾರಾಯ, ಅಂತ. ಎಲ್ಲರೂ ನಗ್ತಾರೆ, ನಾನೂ ನಕ್ಕಿದ್ದೇನೆ. ಗೋವಾದಲ್ಲಿ ತೆರಿಗೆ ಕಡಿಮೆ, ಎಣ್ಣೆ ಅಗ್ಗ, ಗಡಿ ದಾಟಿದ ಕೂಡ್ಲೆ ಪೋಳೆಂನಲ್ಲಿ ಬಾರ್‌ಗಳು. ಭಾನುವಾರ ಸಂಜೆ ಬೈಕ್ ಹತ್ತಿ ಹೋಗೋದು, ಕೂತು ಕುಡಿಯೋದು, ವಾಪಸ್ ಬರೋದು. ಹೋಗೋದಕ್ಕೆ ಯಾರ ತಕರಾರೂ ಇಲ್ಲ, ಈ ವಾಪಸ್ ಬರೋದಿದ್ಯಲ್ಲ, ಅದ್ರದ್ದೇ ನನ್ನ ತಕರಾರು.

ಆ ದಾರಿ ಒಮ್ಮೆ ನೆನಪು ಮಾಡ್ಕೊಳ್ಳಿ. ರಸ್ತೆ ಅಗಲ ಆಗಿದೆ ಅಂತ ಸ್ಪೀಡು ತಾನಾಗೇ ಏರ್ತದೆ, ಅಂಚಲ್ಲಿ ಹಿಂದಿನ ಲೈಟೇ ಇಲ್ಲದ ಲಾರಿ ನಿಂತಿರ್ತದೆ, ಮಳೆಗಾಲ ಆದ್ರೆ ಡಾಂಬರು ಬೆಚ್ಚಗಿದೆ ಅಂತ ದನ ನಡುರಸ್ತೇಲಿ ಮಲಗಿರ್ತವೆ, ಕಪ್ಪು ದನ ಆದ್ರಂತೂ ದೇವ್ರೇ ಗತಿ. ಸದಾಶಿವಗಡ ದಾಟಿ ಕಾಳಿ ನದಿ ಸೇತುವೆ. 2024ರ ಆಗಸ್ಟಲ್ಲಿ ಹಳೆ ಸೇತುವೆ ಕುಸಿದು ಬಿದ್ದ ಮೇಲೆ ಎರಡೂ ಕಡೆ ಗಾಡಿ ಹೊಸ ಸೇತುವೆ ಮೇಲೇ ಓಡೋ ಹಾಗಾಯ್ತು, ಅಂದ್ರೆ ಎದುರಿನ ಟ್ರಕ್ಕಿನ ಹೆಡ್‌ಲೈಟ್ ಸೀದಾ ಕಣ್ಣಿಗೇ. ಕುಡಿದವನ ಕಣ್ಣು ಆ ಬೆಳಕಿಂದ ಸುಧಾರಿಸ್ಕೊಳ್ಳೋದಕ್ಕೆ ಮಾಮೂಲಿಗಿಂತ ಜಾಸ್ತಿ ಹೊತ್ತು ಬೇಕು. ಗಂಟೆಗೆ 60 ಕಿಲೋಮೀಟರ್ ಸ್ಪೀಡಲ್ಲಿ ಹೋಗೋ ಬೈಕು ಒಂದು ಸೆಕೆಂಡಿಗೆ ಹದಿನಾರು ಮೀಟರ್ ಮೇಲೆ ಓಡ್ತದೆ, ಬ್ರೇಕ್ ಮೇಲೆ ಕಾಲಿಡೋದು ಅರ್ಧ ಸೆಕೆಂಡ್ ತಡ ಆದ್ರೂ ಎಂಟು ಮೀಟರ್ ಹೋಯ್ತು, ಅಷ್ಟರಲ್ಲಿ ದನ ಎದುರಿಗೇ ಇರ್ತದೆ.

ತೂರಾಡೋ ಕುಡುಕರ ಬಗ್ಗೆ ನಂಗೆ ಅಷ್ಟು ಹೆದ್ರಿಕೆ ಇಲ್ಲ, ಅವ್ರನ್ನ ಯಾರಾದ್ರೂ ಹಿಡಿದು ಕೂರಿಸ್ತಾರೆ, ಇಲ್ಲಾ ಸ್ಟ್ಯಾಂಡ್ ತೆಗೆಯೋದ್ರೊಳಗೇ ಅವ್ರೇ ಬೀಳ್ತಾರೆ. ಹೆದ್ರಿಕೆ ಇರೋದು "ನಂಗೆಂತದೂ ಆಗ್ಲಿಲ್ಲ, ಎರಡೇ ಪೆಗ್ಗು" ಅನ್ನೋ ಜನರ ಬಗ್ಗೆ. ಮಾತು ಸರಿ ಇರ್ತದೆ, ನಡಿಗೆ ಸರಿ ಇರ್ತದೆ, ಬಿಲ್ಲಿನ ಲೆಕ್ಕಾನೂ ಸರಿಯಾಗೇ ಮಾಡ್ತಾರೆ. ಆದ್ರೆ ಆಲ್ಕೋಹಾಲ್ ಎಲ್ಲಕ್ಕಿಂತ ಮೊದಲು ತಿನ್ನೋದು ಅಂದಾಜನ್ನ. ನಂಗೆ ಎಷ್ಟು ಏರಿದೆ ಅಂತ ಅಳೆಯಬೇಕಾದ ತಲೆಗೇ ಏರಿರ್ತದೆ, ಇನ್ನು ಅಳೆಯೋದು ಯಾರು?

ಕಾನೂನಿನ ಮಿತಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ ಆಲ್ಕೋಹಾಲ್. ಒಂದು ಅಂದಾಜು ಲೆಕ್ಕ ಹಾಕಿದೆ. 65 ಕೆಜಿ ತೂಕದ ಗಂಡಸು ಖಾಲಿ ಹೊಟ್ಟೇಲಿ 60 ಮಿಲಿ ವಿಸ್ಕಿ ಒಂದೇ ಸಲ ಏರಿಸಿದ್ರೆ ಆ ಮಿತಿ ದಾಟೋ ಸಾಧ್ಯತೆನೇ ಜಾಸ್ತಿ. ದೊಡ್ಡ ಬಾಟ್ಲಿ ಸ್ಟ್ರಾಂಗ್ ಬಿಯರ್ ಪೂರ್ತಿ ಮುಗಿಸಿದ್ರೆ ಮಿತಿಯ ಎರಡು ಮೂರು ಪಟ್ಟು. "ಬಿಯರ್ ಎಂತ ಕುಡಿತ, ಅದು ನೀರು" ಅನ್ನೋರಿಗೆ ಇದನ್ನ ಹೇಳಿದ್ರೆ ನಂಬೋದೇ ಇಲ್ಲ. ಮಾರ್ಚ್ ಏಪ್ರಿಲಲ್ಲಿ ಉರಾಕ್ ಬರ್ತದಲ್ಲ, ಗೇರುಹಣ್ಣಿನ ಮೊದಲ ಬಟ್ಟಿ, ಫೆನ್ನಿಯಷ್ಟು ಸ್ಟ್ರಾಂಗ್ ಅಲ್ಲ, ಅದಕ್ಕೆ ಲಿಮ್ಕಾ ಹಾಕಿ ನಿಂಬೆಹಣ್ಣು ಉಪ್ಪು ಹಸಿಮೆಣಸು ಸೀಳಿ ಹಾಕಿ ಕೊಟ್ರೆ ಸೆಕೆಗೆ ಶರಬತ್ತಿನ ತರ ಇಳೀತದೆ, ಎಷ್ಟು ಗ್ಲಾಸ್ ಆಯ್ತು ಅಂತ ಎಣಿಸೋದು ಯಾರು.

ಇದಕ್ಕಿಂತ ಮೋಸದ್ದು ಬೆಳಗಿನ ಹೊತ್ತು. ನಮ್ಮ ಮೈ ಗಂಟೆಗೆ 100 ಮಿಲಿ ರಕ್ತದಲ್ಲಿ ಹೆಚ್ಚುಕಮ್ಮಿ 15 ಮಿಲಿಗ್ರಾಂ ಮಾತ್ರ ಇಳಿಸ್ತದೆ, ಒಬ್ಬೊಬ್ಬರಿಗೆ ಸ್ವಲ್ಪ ಹಿಂದೆ ಮುಂದೆ. ಅದೇ 65 ಕೆಜಿಯವ ಒಂದು ಕ್ವಾರ್ಟರ್ (180 ಮಿಲಿ) ವಿಸ್ಕಿ ಹಾಕಿ ರಾತ್ರಿ ಹನ್ನೆರಡಕ್ಕೆ ಮಲಗಿದ ಅಂತಿಟ್ಕೊಳ್ಳಿ, ಆರು ಗಂಟೆಗೆ ಎದ್ದು ಮುಖ ತೊಳೆದು ಚಾ ಕುಡಿದು ಡ್ಯೂಟಿಗೆ ಹೊರಟ್ರೆ ಇನ್ನೂ ಮಿತಿಗಿಂತ ಮೇಲೇ ಇರಬಹುದು. ಮಜ್ಜಿಗೆ, ನಿಂಬೆರಸ, ತಣ್ಣೀರು ಸ್ನಾನ ಯಾವುದೂ ಅದನ್ನ ಬೇಗ ಇಳಿಸೋದಿಲ್ಲ, ಲಿವರಿಗೆ ಅವಸರ ಮಾಡ್ಸೋಕೆ ಬರೋದಿಲ್ಲ. ಪೇರಲೆ ಎಲೆ ಜಗಿಯೋದು, ಬಡಿಶೇಪು ಬಾಯಿಗೆ ಹಾಕ್ಕೊಳ್ಳೋದು, ಇದೆಲ್ಲ ಹೆಂಡತಿ ಮುಂದೆ ನಡೆದ್ರೆ ನಡೀಬಹುದು (ಅದೂ ನಡೆಯಲ್ಲ, ಅವ್ರಿಗೆ ಗೇಟ್ ತೆಗೆಯೋ ಸದ್ದಲ್ಲೇ ಗೊತ್ತಾಗ್ತದೆ), ಪೊಲೀಸರ ಮಶಿನ್ ಮುಂದೆ ನಡೆಯಲ್ಲ, ಯಾಕಂದ್ರೆ ಅದು ನೋಡೋದು ರಕ್ತದಿಂದ ಶ್ವಾಸಕೋಶಕ್ಕೆ ಬಂದ ಆಲ್ಕೋಹಾಲನ್ನ, ಬಾಯಿ ವಾಸನೆಯನ್ನಲ್ಲ.

ಸಿಕ್ಕಿಬಿದ್ರೆ ಮೊದಲ ಸಲ 10,000 ರೂಪಾಯಿ ದಂಡ, ಇಲ್ಲಾ ಆರು ತಿಂಗಳವರೆಗೆ ಜೈಲು, ಎರಡೂ ಆಗ್ಬಹುದು, ದಂಡ ಇಷ್ಟಕ್ಕೆ ಏರಿದ್ದು ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಿಂದ. ಜನ ಇದಕ್ಕೊಂದೇ ಹೆದ್ರೋದು. ಇನ್ಶೂರೆನ್ಸ್ ವಿಷಯ ಯಾರ ತಲೆಗೂ ಬರೋದಿಲ್ಲ. ಕುಡಿದಿದ್ದ ಅಂತ ಸಾಬೀತಾದ್ರೆ ನಿಮ್ಮ ಗಾಡಿ ರಿಪೇರಿ ಕ್ಲೇಮ್ ಹೋಯ್ತು ಅಂತನೇ ಲೆಕ್ಕ, ಎದುರಿನವರಿಗೆ ಕಂಪನಿ ಕೊಟ್ಟ ದುಡ್ಡನ್ನೂ ತಿರುಗಿ ನಿಮ್ಮ ಹತ್ರನೇ ಕೇಳ್ಬಹುದು.

ದುಡ್ಡು ಹೋದ್ರೆ ಹೋಗ್ಲಿ, ತಲೆಗೆ ಪೆಟ್ಟಾದ್ರೆ ಎಲ್ಲಿಗೆ ಒಯ್ತೀರಿ? ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಥೆ ಗೊತ್ತಲ್ಲ. ಸುಸಜ್ಜಿತ ತುರ್ತು ಆಸ್ಪತ್ರೆ ಬೇಕು ಅಂತ 2019ರಲ್ಲಿ ಟ್ವಿಟರಲ್ಲಿ ಅಭಿಯಾನ ಮಾಡಿ ಕೂಗಿದ್ದು ನಾವೇ. ಈಗ್ಲೂ ದೊಡ್ಡ ಪೆಟ್ಟಾದ್ರೆ ಕಾರವಾರದೋರು ಗೋವಾದ ಬಾಂಬೋಳಿ ಮೆಡಿಕಲ್ ಕಾಲೇಜ್ ಆಸ್ಪತ್ರೆ ಕಡೆ, ಕುಮಟಾ ಹೊನ್ನಾವರದೋರು ಮಣಿಪಾಲಕ್ಕೆ, ಶಿರಸಿಯೋರು ಹುಬ್ಬಳ್ಳಿಗೆ ಓಡೋದು. ಆಂಬುಲೆನ್ಸಲ್ಲಿ ಆಕ್ಸಿಜನ್ ಹಾಕ್ಕೊಂಡು ಗಂಟೆಗಟ್ಲೆ ದಾರಿ, ಜೊತೆಗೆ ಕೂತವರು ಮೊಬೈಲಲ್ಲಿ "ಈಗ ಎಲ್ಲಿ ಮುಟ್ಟಿದ್ರಿ" ಅನ್ನೋದಕ್ಕೆ ಉತ್ರ ಹೇಳ್ತಾ ಇರ್ತಾರೆ. ಬೆಂಗ್ಳೂರಲ್ಲಿ ಬಿದ್ದವನಿಗೆ ಇರೋ ಚಾನ್ಸ್ ದೇವಿಮನೆ ಘಾಟಿಯ ತಿರುವಲ್ಲಿ ರಾತ್ರಿ ಹನ್ನೊಂದಕ್ಕೆ ಬಿದ್ದವನಿಗೆ ಇಲ್ಲ, ಅಲ್ಲಿ ಬಿದ್ದದ್ದು ಗೊತ್ತಾಗೋಕೇ ಹಿಂದಿನಿಂದ ಇನ್ನೊಂದು ಗಾಡಿ ಬರಬೇಕು. ಮತ್ತೆ ಕುಡಿದವನೊಬ್ಬನೇ ಬಿದ್ರೆ ಅವನ ಕರ್ಮ ಅನ್ಬಹುದಿತ್ತು, ಎದುರಿಗೆ ಬಂದವ ಮೀನು ಬುಟ್ಟಿ ಇಳಿಸಿ ಮನೆಗೆ ಹೊರಟವ, ಅವ ಎಂತ ಕುಡಿದಿದ್ದ?

ಕುಡಿಬೇಡಿ ಅಂತ ನಾನು ಹೇಳ್ತಾ ಇಲ್ಲ, ಹೇಳಿದ್ರೆ ನಮ್ಮನೆಯೋರೇ ನಗ್ತಾರೆ. ಚಾವಿ ವಿಷಯ ಮೊದಲ ಗ್ಲಾಸಿಗಿಂತ ಮುಂಚೆ ತೀರ್ಮಾನ ಆಗ್ಬೇಕು ಅಷ್ಟೇ, ಆಮೇಲೆ ಮಾಡೋ ತೀರ್ಮಾನ ಎಣ್ಣೆಯದ್ದು. ಅಂಕೋಲೆಯಲ್ಲಿ ನಮ್ಮ ಅತ್ತೆ ಮನೇಲಿ ಮದುವೆ ಹಿಂದಿನ ದಿನ ರಾತ್ರಿ ಅವ್ರು ಮಾಡಿದ ಕೆಲಸ ನಂಗೆ ಭಾರಿ ಖುಷಿ ಆಯ್ತು. ಹಿತ್ಲಲ್ಲಿ ಬಾಟ್ಲಿ ಓಪನ್ ಆಗೋ ಮೊದಲೇ ಒಂದು ಸ್ಟೀಲ್ ಡಬ್ಬ ಹಿಡ್ಕೊಂಡು ಬಂದು ಎಲ್ಲರ ಗಾಡಿ ಚಾವಿ ಅದ್ರಲ್ಲಿ ಹಾಕಿಸ್ಕೊಂಡ್ರು, ಅಳಿಯಂದ್ರನ್ನೂ ಬಿಡ್ಲಿಲ್ಲ, ಜಗಲಿ ಮೇಲೆ ಉದ್ದಕ್ಕೆ ಚಾಪೆ ಹಾಸಿಟ್ರು. ಬೆಳಿಗ್ಗೆ ಏಳಕ್ಕೆ ಒಬ್ಬ ಬಾವ ಕೆಂಪು ಕಣ್ಣು ಬಿಟ್ಕೊಂಡು ಚಾವಿ ಕೇಳೋಕೆ ಹೋದ. ಅತ್ತೆ ದೋಸೆ ಕಾವಲಿ ಮುಂದಿಂದ ತಲೆ ಎತ್ತದೇ ಹೇಳಿದ್ರು, "ತಮಾ, ದೋಸೆ ಈಗ ಕೊಡ್ತೆ, ಚಾವಿ ಹತ್ತು ಗಂಟೆ ಮೇಲೆ. ಅವಸರ ಇದ್ರೆ ಬಸ್ ಸ್ಟ್ಯಾಂಡಿಗೆ ನಿಮ್ಮ ಮಾವ ಬಿಟ್ಟು ಬರ್ತ್ರು, ಅವ್ರು ಕುಡಿಲಿಲ್ಲ."