ಪಾಠ ಹೇಳೋಕೆ ಬಿಡಲಿಲ್ಲ, ವಕೀಲರಾದರು

ಸ್ಟಾಟನ್ ಲಿಂಡ್ ಬಗ್ಗೆ ಎಲ್ಲಿ ಓದಿದರೂ ಹೆಚ್ಚುಕಡಿಮೆ ಒಂದೇ ಕಥೆ ಸಿಗುತ್ತದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಹೇಳಿಕೊಡುತ್ತಿದ್ದ ಸಮಾಜವಾದಿ ಮೇಷ್ಟ್ರು, ವಿಯೆಟ್ನಾಂ ಯುದ್ಧ ನಡೆಯುತ್ತಿರುವಾಗಲೇ ಶತ್ರು ದೇಶದ ರಾಜಧಾನಿ ಹನೋಯಿಗೆ ಹೋಗಿ ಬಂದರು, ಕೆಲಸ ಹೋಯಿತು, ಪಾಪ. ನನ್ನ ತಕರಾರು ಈ 'ಪಾಪ'ದ ಬಗ್ಗೆ. ಆ ಮನುಷ್ಯ ಅದಾದ ಮೇಲೆ ಅರ್ಧ ಶತಮಾನಕ್ಕೂ ಜಾಸ್ತಿ ಬದುಕಿದ್ದರು. 2022ರ ನವೆಂಬರ್‌ನಲ್ಲಿ ತೀರಿಕೊಂಡಾಗ 92 ವರ್ಷ. ಅವರ ದೊಡ್ಡ ಕೆಲಸವೆಲ್ಲ ನಡೆದದ್ದು ಈ ಎರಡನೇ ಅರ್ಧದಲ್ಲಿ, ಒಹಾಯೋ ರಾಜ್ಯದ ಯಂಗ್ಸ್‌ಟೌನ್ ಅನ್ನೋ ಉಕ್ಕಿನ ಊರಿನಲ್ಲಿ. ಅಲ್ಲಿ ಅವರು ಸೋತದ್ದೇ ಹೆಚ್ಚು. ಆದರೂ ನನಗೆ ಯೇಲ್‌ನ ಲಿಂಡ್‌ಗಿಂತ ಯಂಗ್ಸ್‌ಟೌನ್‌ನ ಲಿಂಡ್ ಜಾಸ್ತಿ ಇಷ್ಟ.

ಮೊದಲರ್ಧವನ್ನೂ ಸ್ವಲ್ಪ ಹೇಳಲೇಬೇಕು, ಇಲ್ಲದಿದ್ದರೆ ಏನು ಬಿಟ್ಟು ಬಂದರು ಅಂತ ಗೊತ್ತಾಗುವುದಿಲ್ಲ.

ಹುಟ್ಟಿದ್ದು 1929ರಲ್ಲಿ, ಫಿಲಡೆಲ್ಫಿಯಾದಲ್ಲಿ. ಅಪ್ಪ ರಾಬರ್ಟ್, ಅಮ್ಮ ಹೆಲೆನ್, ಇಬ್ಬರೂ ಸಮಾಜಶಾಸ್ತ್ರದಲ್ಲಿ ದೊಡ್ಡ ಹೆಸರು. ಇಂಡಿಯಾನಾದ ಮನ್ಸಿ ಅನ್ನೋ ಸಣ್ಣ ಊರಿನ ಜನಜೀವನದ ಮೇಲೆ ಅವರು ಬರೆದ 'ಮಿಡಲ್‌ಟೌನ್' ಪುಸ್ತಕ ಬಂದದ್ದೂ ಅದೇ ವರ್ಷ. ಮಗ ಹಾರ್ವರ್ಡ್‌ಗೆ ಹೋದ. ಅಲ್ಲೇ ಎಡಪಂಥೀಯ ಗುಂಪುಗಳ ಸಹವಾಸವೂ ಆಯಿತು. 1951ರಲ್ಲಿ ಆಲಿಸ್ ನೈಲ್ಸ್ ಜೊತೆ ಮದುವೆ. (ಆಲಿಸ್ ಹೆಸರು ನೆನಪಿಟ್ಟುಕೊಳ್ಳಿ. ಲಿಂಡ್ ಬಗ್ಗೆ ಬರೆಯುವವರು ಆಕೆಯನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ, ಅದು ಸರಿಯಲ್ಲ.)

1953ರಲ್ಲಿ ಸೈನ್ಯಕ್ಕೆ ಕರೆ ಬಂತು. ಹೋದರು, ಆದರೆ ಬಂದೂಕು ಹಿಡಿಯುವುದಿಲ್ಲ ಅಂತ ಹೇಳಿಯೇ ಹೋದರು. ಆಗ ಸೆನೆಟರ್ ಮೆಕಾರ್ಥಿಯ ಕಾಲ, ಎಲ್ಲಿ ನೋಡಿದರೂ ಕಮ್ಯುನಿಸ್ಟರ ಬೇಟೆ. ಹಳೇ ಎಡಪಂಥೀಯ ಸಹವಾಸದ ನೆಪ ಹೇಳಿ ಮಾರನೇ ವರ್ಷವೇ ಕೆಟ್ಟ ಹೆಸರಿನೊಂದಿಗೆ ಸೈನ್ಯದಿಂದ ಹೊರಗೆ ಹಾಕಿದರು. ಗಂಡ ಹೆಂಡತಿ ಇಬ್ಬರೂ ಜಾರ್ಜಿಯಾದ ಬೆಟ್ಟಗಳ ನಡುವೆ ಮ್ಯಾಸಿಡೋನಿಯಾ ಅನ್ನೋ ಸಹಕಾರಿ ಹಳ್ಳಿಗೆ ಹೋಗಿ ಸೇರಿಕೊಂಡರು. ಎಲ್ಲರ ದುಡಿಮೆ ಒಂದೇ ಗಂಟಿಗೆ. ಹಸು ಸಾಕಣೆ, ಮಕ್ಕಳಿಗೆ ಮರದ ಆಟದ ಸಾಮಾನು ಮಾಡಿ ಮಾರುವುದು, ಇದೇ ಜೀವನೋಪಾಯ. ಆಮೇಲೆ 1958ರಲ್ಲಿ ಬೇರೆಯವರ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟ್ ಇಂಥ ವಜಾಗಳು ತಪ್ಪು ಅಂತ ಹೇಳಿತು. ಲಿಂಡ್ ಅವರ ದಾಖಲೆಯೂ ಸರಿಯಾಯಿತು. ಮಾಜಿ ಸೈನಿಕರಿಗೆ ಸರ್ಕಾರ ಕೊಡುವ ಹಣದಲ್ಲೇ ಕೊಲಂಬಿಯಾದಲ್ಲಿ ಪಿಎಚ್‌ಡಿ ಮಾಡಿದರು!

ಓದು ಪೂರ್ತಿ ಮುಗಿಯುವ ಮೊದಲೇ, 1961ರಲ್ಲಿ, ಅಟ್ಲಾಂಟಾದ ಸ್ಪೆಲ್ಮನ್ ಕಾಲೇಜಿಗೆ ಹೋದರು. ಕಪ್ಪು ಹೆಣ್ಣುಮಕ್ಕಳ ಕಾಲೇಜು ಅದು. ಇತಿಹಾಸ ವಿಭಾಗದ ಮುಖ್ಯಸ್ಥ ಹೊವರ್ಡ್ ಜಿನ್, ಮುಂದೆ ಹೆಸರಾಂತ ಎಡಪಂಥೀಯ ಇತಿಹಾಸಕಾರ. ವಿದ್ಯಾರ್ಥಿನಿಯರಲ್ಲಿ ಮುಂದೆ ಪ್ರಸಿದ್ಧ ಕಾದಂಬರಿಕಾರ್ತಿಯಾದ ಆಲಿಸ್ ವಾಕರ್ ಕೂಡ ಇದ್ದರು. 1964ರ ಬೇಸಿಗೆಯಲ್ಲಿ ಮಿಸಿಸಿಪ್ಪಿಯ 'ಫ್ರೀಡಂ ಸ್ಕೂಲ್', ಅಂದರೆ ಕಪ್ಪು ಮಕ್ಕಳ ಬೇಸಿಗೆ ಶಾಲೆಗಳ ಹೊಣೆ ಲಿಂಡ್ ಹೆಗಲಿಗೆ ಬಂತು. ಕಪ್ಪು ಜನ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋದರೆ ಹೊಡೆತ ತಿನ್ನುತ್ತಿದ್ದ ರಾಜ್ಯ ಅದು. ಆ ಜೂನ್‌ನಲ್ಲಿ ಚೇನಿ, ಗುಡ್‌ಮನ್, ಶ್ವರ್ನರ್ ಅನ್ನೋ ನಾಗರಿಕ ಹಕ್ಕುಗಳ ಮೂವರು ಯುವ ಕಾರ್ಯಕರ್ತರನ್ನು ಕೊಂದು ಮಣ್ಣಿನ ಒಡ್ಡಿನಡಿ ಹೂತಿದ್ದರು. ಅಂಥ ಬೇಸಿಗೆಯಲ್ಲಿ ಚರ್ಚುಗಳಲ್ಲಿ, ಜಗಲಿಗಳಲ್ಲಿ, ಮರದ ಕೆಳಗೆ ನಲವತ್ತಕ್ಕೂ ಹೆಚ್ಚು ಶಾಲೆ ನಡೆದವು. ಎರಡು ಸಾವಿರಕ್ಕೂ ಜಾಸ್ತಿ ಮಕ್ಕಳು ಬಂದರು. ಐಡಿಯಾ ಮೂಲತಃ ಚಾರ್ಲ್ಸ್ ಕಾಬ್ ಅನ್ನೋ ಕಪ್ಪು ಯುವ ಕಾರ್ಯಕರ್ತನದ್ದು.

ಆ ಪಠ್ಯದಲ್ಲಿದ್ದ ಪ್ರಶ್ನೆಗಳು ನನಗೆ ಬಹಳ ಹಿಡಿಸಿದವು. ಬಿಳಿಯರ ಹತ್ತಿರ ಇರುವುದರಲ್ಲಿ ನಮಗೆ ಬೇಕಾದದ್ದು ಯಾವುದು? ನಮಗೆ ಬೇಡವಾದದ್ದು ಯಾವುದು? ನಮ್ಮ ಹತ್ತಿರ ಇರುವುದರಲ್ಲಿ ಉಳಿಸಿಕೊಳ್ಳಬೇಕಾದದ್ದು ಯಾವುದು? ಹದಿನಾಲ್ಕು ಹದಿನೈದರ ಮಕ್ಕಳಿಗೆ ಕೇಳಿದ ಪ್ರಶ್ನೆ ಇದು. ಮೂರನೆಯದನ್ನು ಕೇಳಬೇಕು ಅಂತ ಎಷ್ಟು ಜನ ಸುಧಾರಕರಿಗೆ ಹೊಳೆಯುತ್ತದೆ ಹೇಳಿ?

ಅದೇ ವರ್ಷ ಯೇಲ್‌ನಲ್ಲಿ ಕೆಲಸ ಸಿಕ್ಕಿತು. ಮುಂದಿನದು ಎಲ್ಲರಿಗೂ ಗೊತ್ತಿರುವ ಭಾಗ, ಬೇಗ ಹೇಳಿಬಿಡುತ್ತೇನೆ. 1965ರ ಏಪ್ರಿಲ್‌ನಲ್ಲಿ ವಿದ್ಯಾರ್ಥಿಗಳು ವಾಷಿಂಗ್ಟನ್‌ನಲ್ಲಿ ನಡೆಸಿದ ದೊಡ್ಡ ಯುದ್ಧವಿರೋಧಿ ಸಭೆಗೆ ಇವರೇ ಅಧ್ಯಕ್ಷರು. ಆಗಸ್ಟ್‌ನಲ್ಲಿ ಇನ್ನೊಂದು ಮೆರವಣಿಗೆ ಹೊರಟಾಗ ಯಾರೋ ಕೆಂಪು ಬಣ್ಣ ಎರಚಿದರು. ಲಿಂಡ್, ಜೊತೆಗಿದ್ದ ಹೋರಾಟಗಾರರಾದ ಡೇವಿಡ್ ಡೆಲಿಂಜರ್, ಬಾಬ್ ಮೋಸಸ್ ಮೂವರೂ ಬಣ್ಣದಲ್ಲಿ ತೊಯ್ದು ನಡೆಯುತ್ತಿರುವ ಫೋಟೋ 'ಲೈಫ್' ಪತ್ರಿಕೆಯಲ್ಲಿ ಬಂತು. ಡಿಸೆಂಬರ್‌ನಲ್ಲಿ ಕಮ್ಯುನಿಸ್ಟ್ ಇತಿಹಾಸಕಾರ ಹರ್ಬರ್ಟ್ ಆಪ್ತೆಕರ್ ಮತ್ತು ವಿದ್ಯಾರ್ಥಿ ನಾಯಕ ಟಾಮ್ ಹೇಡನ್ ಜೊತೆ ಹನೋಯಿಗೆ ಪ್ರಯಾಣ. ಶತ್ರುವಿನ ರಾಜಧಾನಿಯಲ್ಲಿ ನಿಂತು ಸ್ವಂತ ಸರ್ಕಾರವನ್ನು ಬೈದರೆ ಏನಾಗುತ್ತದೆ? ಯೇಲ್ ಅಧ್ಯಕ್ಷ ಕಿಂಗ್‌ಮನ್ ಬ್ರೂಸ್ಟರ್ ಬಹಿರಂಗವಾಗಿಯೇ ಟೀಕಿಸಿದರು. ಸರ್ಕಾರ ಪಾಸ್‌ಪೋರ್ಟ್ ಕಿತ್ತುಕೊಂಡಿತು. ಕಾಯಂ ಹುದ್ದೆ ಆಸೆ ಅಲ್ಲಿಗೆ ಮುಗಿಯಿತು. ಶಿಕಾಗೋಗೆ ಬಂದರು. ಅಲ್ಲೂ ಇತಿಹಾಸ ವಿಭಾಗದವರು ಬೇಕು ಅನ್ನುವುದು, ಮೇಲಿನ ಆಡಳಿತದವರು ಬೇಡ ಅನ್ನುವುದು, ಒಂದು ಕಡೆ ಅಲ್ಲ, ಹಲವು ಕಡೆ.

1969ರ ಕೊನೆಯಲ್ಲಿ ಅಮೆರಿಕನ್ ಇತಿಹಾಸಕಾರರ ಸಂಘದ ಅಧ್ಯಕ್ಷ ಸ್ಥಾನಕ್ಕೆ ಎಡಪಂಥೀಯ ಇತಿಹಾಸಕಾರರ ಗುಂಪಿನ ಪರ ನಿಂತು ಸೋತರು. ಆ ಸಭೆಯಲ್ಲಿ ಮೈಕಿಗಾಗಿ ಹೊವರ್ಡ್ ಜಿನ್‌ಗೂ ಹಾರ್ವರ್ಡ್‌ನ ಜಾನ್ ಫೇರ್‌ಬ್ಯಾಂಕ್‌ಗೂ ಎಳೆದಾಟ ಬೇರೆ. ತಮಾಷೆ ಅಂದರೆ ಲಿಂಡ್ ಗುಂಪನ್ನು ಎಲ್ಲರಿಗಿಂತ ಜೋರಾಗಿ ವಿರೋಧಿಸಿದ್ದು ಬಲಪಂಥದವರಲ್ಲ, ಯೂಜೀನ್ ಜಿನೊವೀಸ್ ಅನ್ನೋ ಮಾರ್ಕ್ಸ್‌ವಾದಿ. ಎಡಪಂಥೀಯರ ಒಳಜಗಳ ಎಲ್ಲಾ ದೇಶದಲ್ಲೂ ಇದೇ ಥರ.

ಇಲ್ಲಿಂದ ಮುಂದೆ ಕಥೆ ಬೇರೆ ದಾರಿ ಹಿಡಿಯುತ್ತದೆ. ಸಾಮಾನ್ಯವಾಗಿ ಇಂಥ ಸ್ಥಿತಿಯಲ್ಲಿ ಮೇಷ್ಟ್ರುಗಳು ಏನು ಮಾಡುತ್ತಾರೆ? ಇನ್ನೊಂದು ವಿಶ್ವವಿದ್ಯಾಲಯ ಹುಡುಕುತ್ತಾರೆ, ಇಲ್ಲವೇ ತಮಗಾದ ಅನ್ಯಾಯದ ಬಗ್ಗೆಯೇ ಜೀವನಪೂರ್ತಿ ಬರೆಯುತ್ತಾರೆ. ಲಿಂಡ್ ದಂಪತಿ ಟೇಪ್ ರೆಕಾರ್ಡರ್ ಹಿಡಿದು ಹಳೇ ಕಾರ್ಮಿಕರ ಹತ್ತಿರ ಹೋದರು. 1930ರ ದಶಕದಲ್ಲಿ ಕಾರ್ಖಾನೆಗಳಲ್ಲಿ ಯೂನಿಯನ್ ಕಟ್ಟಿದವರ ಬಾಯಿಂದಲೇ ಆ ಕಥೆ ಹೇಳಿಸಿ, 1973ರಲ್ಲಿ ಇಬ್ಬರ ಹೆಸರಲ್ಲೂ ಪುಸ್ತಕ ತಂದರು. ಆ ಓಡಾಟದಲ್ಲೇ ಯಂಗ್ಸ್‌ಟೌನ್‌ನ ಉಕ್ಕು ಕಾರ್ಮಿಕರಾದ ಎಡ್ ಮ್ಯಾನ್, ಜಾನ್ ಬಾರ್ಬೆರೊ ಪರಿಚಯವಾದದ್ದು. ಈ ಜನಕ್ಕೆ ಇತಿಹಾಸಕಾರನಿಂದ ಆಗುವ ಉಪಯೋಗ ಅಷ್ಟಕ್ಕಷ್ಟೇ, ವಕೀಲನಿಂದ ಆಗುವುದು ಜಾಸ್ತಿ. ಹಾಗಾಗಿ ನಲವತ್ತು ದಾಟಿದ ಮೇಲೆ ಲಿಂಡ್ ಮತ್ತೆ ಕ್ಲಾಸಿನಲ್ಲಿ ಕೂತರು. 1976ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದಿಂದ ಕಾನೂನು ಪದವಿ ಮುಗಿಸಿ ಸಂಸಾರ ಸಮೇತ ಯಂಗ್ಸ್‌ಟೌನ್‌ಗೆ ಹೊರಟರು.

ಅಲ್ಲಿ ಮೊದಲು ಸೇರಿದ್ದು ಯೂನಿಯನ್‌ಗಳ ಪರ ವಾದಿಸುವ ವಕೀಲರ ಕಚೇರಿ. ಈ ಮಹರಾಯ ಸಾಮಾನ್ಯ ಕಾರ್ಮಿಕರಿಗೆ ತಮ್ಮ ಹಕ್ಕುಗಳನ್ನು ತಾವೇ ತಿಳಿದುಕೊಳ್ಳಲು ಸಣ್ಣದೊಂದು ಕೈಪಿಡಿ ಬರೆದರು. ಯೂನಿಯನ್ ನಾಯಕರನ್ನೂ ವಕೀಲರನ್ನೂ ಕಾಯುತ್ತಾ ಕೂರಬೇಡಿ ಅನ್ನೋದೇ ಅದರ ಸಾರ. ಯೂನಿಯನ್ ನಾಯಕರೇ ಕಕ್ಷಿದಾರರಾಗಿರುವ ಕಚೇರಿಯಲ್ಲಿ ಕೂತು ಇದನ್ನು ಬರೆದರೆ ಬಿಡುತ್ತಾರಾ? 1978ರಲ್ಲಿ ಅಲ್ಲಿಂದಲೂ ಹೊರಗೆ! ಬಡವರಿಗೆ ಉಚಿತ ಕಾನೂನು ನೆರವು ಕೊಡುವ ಸಂಸ್ಥೆ ಸೇರಿಕೊಂಡರು. 1996ರಲ್ಲಿ ನಿವೃತ್ತಿ ಆಗುವವರೆಗೂ ಅಲ್ಲೇ.

ಅಷ್ಟರಲ್ಲಿ ಊರಿಗೆ ಸಿಡಿಲು ಬಡಿದಾಗಿತ್ತು. 1977ರ ಸೆಪ್ಟೆಂಬರ್ 19, ಸೋಮವಾರ. ಕ್ಯಾಂಪ್‌ಬೆಲ್ ವರ್ಕ್ಸ್ ಅನ್ನೋ ಉಕ್ಕಿನ ಕಾರ್ಖಾನೆ ಮುಚ್ಚುತ್ತೇವೆ ಅಂತ ಯಂಗ್ಸ್‌ಟೌನ್ ಶೀಟ್ ಅಂಡ್ ಟ್ಯೂಬ್ ಕಂಪನಿ ಹೇಳಿತು. ಸುಮಾರು ಐದು ಸಾವಿರ ಜನರ ಕೆಲಸ ಹೋಯಿತು. ಊರಿನವರು ಇವತ್ತಿಗೂ ಆ ದಿನವನ್ನು ಕರಾಳ ಸೋಮವಾರ ಅಂತಲೇ ಕರೆಯುತ್ತಾರೆ. ಪಾದ್ರಿಗಳು, ಬಿಷಪ್‌ಗಳು, ಕಾರ್ಮಿಕರು ಎಲ್ಲ ಸೇರಿ ಒಂದು ಒಕ್ಕೂಟ ಮಾಡಿಕೊಂಡರು. ಕಾರ್ಖಾನೆಯನ್ನು ನಾವೇ ಕೊಂಡು ನಾವೇ ನಡೆಸುತ್ತೇವೆ ಅಂದರು. ಅದಕ್ಕಂತಲೇ ಜನ ಬ್ಯಾಂಕಿನಲ್ಲಿ ಬೇರೆ ಖಾತೆ ತೆರೆದು ಉಳಿತಾಯದ ಹಣ ಇಟ್ಟರು. ಆದರೆ ಸಾಲಕ್ಕೆ ಕೇಂದ್ರ ಸರ್ಕಾರದ ಖಾತರಿ ಬೇಕಿತ್ತು, 1979ರಲ್ಲಿ ಕಾರ್ಟರ್ ಸರ್ಕಾರ ಕೈ ಎತ್ತಿತು.

ಅದೇ ವರ್ಷ ನವೆಂಬರ್ ಕೊನೆಗೆ ಯುಎಸ್ ಸ್ಟೀಲ್ ಕಂಪನಿ ಯಂಗ್ಸ್‌ಟೌನ್‌ನ ತನ್ನ ಕಾರ್ಖಾನೆಗಳನ್ನೂ ಮುಚ್ಚುವುದಾಗಿ ಘೋಷಿಸಿತು. ಇನ್ನೂ ಮೂರೂವರೆ ಸಾವಿರ ಜನ. ಇಲ್ಲಿ ಮಾತ್ರ ಒಂದು ವಿಶೇಷ ಇತ್ತು. ಲಾಭ ಬರುತ್ತಿರುವಷ್ಟು ದಿನ ಮುಚ್ಚುವುದಿಲ್ಲ ಅಂತ ಮ್ಯಾನೇಜರ್‌ಗಳು ಕಾರ್ಮಿಕರಿಗೆ ಮತ್ತೆ ಮತ್ತೆ ಹೇಳಿದ್ದರು. ಫೋನ್ ಮಾಡಿದರೆ ಕೇಳಿಸುವ ಹಾಗೆ ರೆಕಾರ್ಡ್ ಕೂಡ ಮಾಡಿಟ್ಟಿದ್ದರು. ಅದನ್ನು ನಂಬಿ ಕಾರ್ಮಿಕರು ಮೈ ಮುರಿದು ದುಡಿದು ಉತ್ಪಾದನೆ ಏರಿಸಿದ್ದರು. ಮಾತು ಕೊಟ್ಟಿದ್ದೀರಿ, ನಾವು ನಂಬಿ ಕೆಲಸ ಮಾಡಿದ್ದೇವೆ, ಈಗ ಮಾತು ತಪ್ಪುವ ಹಾಗಿಲ್ಲ. ಲಿಂಡ್ ಹೂಡಿದ ಮೊಕದ್ದಮೆಯ ಮೊದಲ ವಾದ ಇದೇ.

ಕೋರ್ಟಿನ ಹೊರಗೂ ಗಲಾಟೆ ನಡೆದಿತ್ತು. 1980ರ ಜನವರಿ 28ರಂದು ಕಾರ್ಮಿಕರ ಸಭೆಯಲ್ಲಿ ಎಡ್ ಮ್ಯಾನ್, ಗುಲಾಮಗಿರಿ ವಿರುದ್ಧ ಹೋರಾಡಿದ ಕಪ್ಪು ನಾಯಕ ಫ್ರೆಡೆರಿಕ್ ಡಗ್ಲಸ್‌ನ ಹಳೇ ಭಾಷಣ ಓದಿದರು, ಹೋರಾಟ ಇಲ್ಲದೆ ಮುನ್ನಡೆ ಇಲ್ಲ ಅನ್ನೋ ಪ್ರಸಿದ್ಧ ಭಾಷಣ ಅದು. ಓದಿ ಮುಗಿಸಿ, ನಾನು ಈ ದಿಬ್ಬ ಇಳಿದು ಹೋಗುತ್ತಿದ್ದೇನೆ ಅಂದರು. ಜನ ಹಿಂದೆಯೇ ಹೊರಟು ಕೆಳಗಿದ್ದ ಕಂಪನಿ ಕಚೇರಿಗೆ ನುಗ್ಗಿ ಅಲ್ಲೇ ಕೂತರು. ಆದರೆ ಮಾತುಕತೆಯ ಭರವಸೆ ಸಿಕ್ಕಿತು ಅಂತ ಅದೇ ದಿನ ಎದ್ದು ಬಂದರು. ಸ್ವಲ್ಪ ದಿನ ಅಲ್ಲೇ ಕೂತಿದ್ದರೆ ಏನಾಗುತ್ತಿತ್ತೋ ಅಂತ ನನಗೂ ಅನ್ನಿಸಿದ್ದಿದೆ.

ಕೋರ್ಟಿನಲ್ಲಿ ಒಂದು ಕ್ಷಣ ಬಾಗಿಲು ತೆರೆದಂತೆ ಕಂಡಿತು. ನ್ಯಾಯಾಧೀಶ ಥಾಮಸ್ ಲ್ಯಾಂಬ್ರೋಸ್ ವಿಚಾರಣೆಗೆ ಮುಂಚೆಯೇ ಒಂದು ಮಾತು ಹೇಳಿದರು. ಇಷ್ಟು ವರ್ಷ ಈ ಕಂಪನಿಯೂ ಈ ಊರೂ ಒಂದಕ್ಕೊಂದು ಬೆಸೆದುಕೊಂಡು ಬೆಳೆದಿವೆ, ಆ ಸಂಬಂಧದಿಂದಲೇ ಜನರಿಗೆ ಒಂದು ಬಗೆಯ ಆಸ್ತಿ ಹಕ್ಕು ಹುಟ್ಟಿದೆ ಅನ್ನಿಸುತ್ತದೆ ಅಂತ. ಯೋಚಿಸಿ, ಅಮೆರಿಕದ ಕೋರ್ಟು, ಖಾಸಗಿ ಕಂಪನಿ, ಅದರ ಮೇಲೆ ಊರಿನ ಜನರಿಗೆ ಹಕ್ಕು! ಲಿಂಡ್ ತಕ್ಷಣ ಅದನ್ನೂ ಮೊಕದ್ದಮೆಗೆ ಸೇರಿಸಿದರು. ಆದರೆ ತೀರ್ಪು ಬರೆಯುವ ಹೊತ್ತಿಗೆ ಅದೇ ನ್ಯಾಯಾಧೀಶರು, ಅಂಥ ಹಕ್ಕನ್ನು ಒಪ್ಪುವ ಕಾನೂನು ಈ ದೇಶದಲ್ಲಿ ಇನ್ನೂ ಇಲ್ಲ ಅಂದರು. ಮೇಲ್ಮನವಿಯಲ್ಲೂ ಅದೇ ಆಯಿತು. ಜನರ ಕಷ್ಟ ಅರ್ಥವಾಗುತ್ತದೆ, ಆದರೆ ಕಾನೂನು ಬದಲಿಸುವುದು ನಮ್ಮ ಕೆಲಸವಲ್ಲ ಅಂತ ಆರನೇ ವಲಯದ ಮೇಲ್ಮನವಿ ನ್ಯಾಯಾಲಯ ಹೇಳಿತು. ಕೊಟ್ಟ ಮಾತಿನ ವಾದ ಎಲ್ಲಿ ಮುಗ್ಗರಿಸಿತು ಗೊತ್ತಾ? ಲಾಭ ಅಂದರೆ ಏನು ಅನ್ನೋದರಲ್ಲಿ. ಕಾರ್ಮಿಕರ ಲೆಕ್ಕದಲ್ಲಿ ಕಾರ್ಖಾನೆ ಲಾಭದಲ್ಲೇ ಇತ್ತು. ಕಂಪನಿ ತನ್ನ ಬೇರೆ ಬೇರೆ ಖರ್ಚು ಸೇರಿಸಿ ನಷ್ಟ ತೋರಿಸಿತು. ಕೋರ್ಟು ಕಂಪನಿಯ ಲೆಕ್ಕ ಒಪ್ಪಿಕೊಂಡಿತು. 1982ರಲ್ಲಿ ಅಲ್ಲಿನ ಊದುಕುಲುಮೆಗಳನ್ನು ಸಿಡಿಮದ್ದು ಇಟ್ಟು ಉರುಳಿಸಿದರು.

ಇದಿಷ್ಟೂ ಸೋಲೇ, ಸುಮ್ನೆ ಬಣ್ಣ ಹಚ್ಚುವುದು ಬೇಡ. ಲಿಂಡ್ ಮೇಲೆ ನನಗೂ ಒಂದು ಅಸಮಾಧಾನ ಇದೆ. ಯೂನಿಯನ್ ನಾಯಕತ್ವದ ಮೇಲೆ ಅವರಿಗೆ ಎಷ್ಟು ಅನುಮಾನ ಅಂದರೆ, ಕೆಳಗಿನಿಂದ ಹುಟ್ಟಿದ್ದೆಲ್ಲ ಒಳ್ಳೆಯದು, ಮೇಲಿರುವುದೆಲ್ಲ ಕೊಳೆತದ್ದು ಅನ್ನೋ ಹಾಗೆ ಬರೆದುಬಿಡುತ್ತಾರೆ. ಮಾರ್ಕ್ಸ್‌ನನ್ನೂ ಅರಾಜಕತಾವಾದಿಗಳನ್ನೂ ಒಟ್ಟಿಗೆ ಇಟ್ಟುಕೊಂಡ ಸಮಾಜವಾದ ಅವರದ್ದು, ಜೊತೆಗೆ ಯುದ್ಧ ಬೇಡ ಅನ್ನೋ ಕ್ರೈಸ್ತ ಪಂಗಡವಾದ ಕ್ವೇಕರ್ ನಂಬಿಕೆ. ದೊಡ್ಡ ಸಂಘಟನೆ ಇಲ್ಲದೆ ದೊಡ್ಡ ಕಂಪನಿಯನ್ನು ಎದುರಿಸುವುದು ಹೇಗೆ ಅನ್ನೋ ಪ್ರಶ್ನೆಗೆ ಅವರ ಬರಹದಲ್ಲಿ ನನಗೆ ತೃಪ್ತಿಯಾಗುವ ಉತ್ತರ ಸಿಕ್ಕಿಲ್ಲ.

ಆದರೆ ಸೋತ ಮೇಲೆ ಅವರು ಊರು ಬಿಟ್ಟು ಹೋಗಲಿಲ್ಲ. ಆಲಿಸ್ ಕೂಡ ಕಾನೂನು ಓದಿ 1985ರಲ್ಲಿ ವಕೀಲೆಯಾದರು. ಪಿಂಚಣಿ, ಆರೋಗ್ಯ ವಿಮೆ ಕಳೆದುಕೊಂಡ ನಿವೃತ್ತ ಕಾರ್ಮಿಕರ ಕೇಸುಗಳನ್ನು ಇಬ್ಬರೂ ಹಿಡಿದರು. ಎಲ್ ಸಾಲ್ವಡೋರ್‌ನ ಆರ್ಚ್‌ಬಿಷಪ್ ಆಸ್ಕರ್ ರೊಮೇರೊ ಹೇಳುತ್ತಿದ್ದ 'ಜೊತೆಗೆ ನಡೆಯುವುದು' ಅನ್ನೋ ವಿಚಾರ ಲಿಂಡ್‌ಗೆ ತುಂಬಾ ಹಿಡಿಸಿತ್ತು. ಬಡವರನ್ನು ಮುನ್ನಡೆಸಲು ಹೋಗಬೇಡ, ಅವರಿಗೆ ಬೇಕಾದ ಒಂದು ವಿದ್ಯೆ ಕಲಿತು ಹೋಗಿ ಪಕ್ಕದಲ್ಲಿ ಇರು, ಮತ್ತೆ ವರ್ಷಗಟ್ಟಲೆ ಇರು.

ಉಕ್ಕು ಹೋದ ಯಂಗ್ಸ್‌ಟೌನ್‌ಗೆ 1998ರಲ್ಲಿ ಬಂದದ್ದು ಏನು? ಕೈದಿಗಳನ್ನು ದಿನಕ್ಕೆ 23 ಗಂಟೆ ಒಂಟಿ ಕೋಣೆಯಲ್ಲಿಡುವ ಅತಿ ಭದ್ರತೆಯ ಜೈಲು. ಎಪ್ಪತ್ತರ ಹತ್ತಿರದಲ್ಲಿದ್ದ ಗಂಡ ಹೆಂಡತಿ ಅಲ್ಲಿಗೂ ಹೋಗತೊಡಗಿದರು. ಆ ಜೈಲು ಕಟ್ಟಿಸಿದ್ದೇ ಒಂದು ದಂಗೆಯ ನಂತರ. 1993ರಲ್ಲಿ ಒಹಾಯೋದ ಲೂಕಸ್‌ವಿಲ್ ಜೈಲಿನಲ್ಲಿ 11 ದಿನ ದಂಗೆ ನಡೆದು ಒಂಬತ್ತು ಕೈದಿಗಳು, ಒಬ್ಬ ಕಾವಲುಗಾರ ಸತ್ತಿದ್ದರು. ಐವರಿಗೆ ಮರಣದಂಡನೆ ವಿಧಿಸಿದ್ದರು. ಅವರಲ್ಲಿ ಮೂವರು ಕಪ್ಪು ಜನ, ಇಬ್ಬರು ಬಿಳಿಯರ ಜನಾಂಗವಾದಿ ಗುಂಪಿಗೆ ಸೇರಿದವರು. ಅಂಥವರು ದಂಗೆಯ ವೇಳೆ ಒಟ್ಟಿಗೆ ನಿಂತರು, ಗೋಡೆ ಮೇಲೆ 'ಕೈದಿ ಜನಾಂಗ' ಅಂತ ಬರೆದಿತ್ತು. ಸರ್ಕಾರಿ ಸಾಕ್ಷಿಗಳು ಎಷ್ಟು ದುರ್ಬಲ ಅಂತ ತೋರಿಸಲು ಲಿಂಡ್ 2004ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಜೈಲಿನ ಒಂಟಿ ಸೆರೆಯ ವಿರುದ್ಧ ಅವರು ಬೇರೆ ವಕೀಲರ ಜೊತೆ ಸೇರಿ ಹಾಕಿದ ಕೇಸು 2005ರಲ್ಲಿ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಅಲ್ಲೂ ಅರ್ಧ ಗೆಲುವು, ಅರ್ಧ ಸೋಲು. ಇಂಥ ಜೈಲಿಗೆ ಹಾಕುವ ಮೊದಲು ಕೈದಿಯ ಮಾತು ಕೇಳಬೇಕು ಅಂತ ಕೋರ್ಟು ಒಪ್ಪಿತು, ಆದರೆ ಒಹಾಯೋದ ಹೊಸ ನಿಯಮಗಳು ಅದಕ್ಕೆ ಸಾಕು ಅಂದುಬಿಟ್ಟಿತು.

ಕೆಲಸ ಕಳೆದ ಆ ಸಣ್ಣ ಕೈಪಿಡಿ ಮಾತ್ರ ಇನ್ನೂ ಸಿಗುತ್ತದೆ. ಹೊಸ ಆವೃತ್ತಿಗೆ ಸ್ಟಾರ್‌ಬಕ್ಸ್‌ನಲ್ಲಿ ಯೂನಿಯನ್ ಕಟ್ಟಲು ಓಡಾಡಿದ ಡೇನಿಯಲ್ ಗ್ರಾಸ್ ಸಹಲೇಖಕ. ಲಿಂಡ್ ಅವರನ್ನು ಓದಬೇಕು ಅನ್ನುವವರು ಯೇಲ್ ಕಾಲದ ದಪ್ಪ ಪುಸ್ತಕಗಳನ್ನು ಆಮೇಲೆ ನೋಡಿಕೊಳ್ಳಿ, ಇದರಿಂದ ಶುರು ಮಾಡಿ.