ನೀನಾದರೆ ಅದು ಕಿರುಚುವುದೇಕೆ?

ಅಪ್ಪಯ್ಯ ಟಾರ್ಚು ಹಿಡಿದು ಜಗುಲಿಯಿಂದ ಇಳಿದು ಬಂದಾಗ ನಾನು ಬಾನೆಟ್ಟಿನೊಳಗೆ ತಲೆ ತೂರಿಸಿಕೊಂಡು ನಿಂತಿದ್ದೆ. ಒಂದು ಕೈಯಲ್ಲಿ ಹತ್ತರ ಸ್ಪ್ಯಾನರ್, ಇನ್ನೊಂದರಲ್ಲಿ ಬ್ಯಾಟರಿಯಿಂದ ಆಗಷ್ಟೇ ಕಳಚಿದ ಮೈನಸ್ ತಂತಿ. ಕಿವಿಯ ಪಕ್ಕದಲ್ಲೇ ಸೈರನ್. ರಾತ್ರಿ ಹತ್ತೂವರೆ, ಮಳೆ ಹನಿಯುತ್ತಿತ್ತು, ಕೇರಿಯ ನಾಯಿಗಳೆಲ್ಲ ದನಿಗೂಡಿಸಿದ್ದವು.

"ಯಾರದು?"

"ನಾನೇ, ಅಪ್ಪಯ್ಯ."

ಟಾರ್ಚಿನ ಬೆಳಕು ನನ್ನ ಮುಖದ ಮೇಲೆ ಒಂದಿಷ್ಟು ಹೊತ್ತು ನಿಂತಿತು. "ನೀನಾ ತಂಗಿ? ನೀನಾದರೆ ಅದು ಕಿರುಚುವುದೇಕೆ?"

ಇದು ಶನಿವಾರದ ಮಾತು. ಇವತ್ತು ಗುರುವಾರ. ಪಾತ್ರೆ ತೊಳೆಯುವಾಗ, ಹಾಲು ಕಾಯಿಸುವಾಗ ಅದೇ ಪ್ರಶ್ನೆ ಅದೇ ದನಿಯಲ್ಲಿ ಕೇಳಿಸುತ್ತಿದೆ.

ಹೋದ ತಿಂಗಳು ಸೊಸೈಟಿಯಲ್ಲಿ ಲೆಕ್ಕ ಕೇಳಿಕೊಂಡು ಬರುತ್ತೇನೆಂದು ಶಿರಸಿ ಪೇಟೆಗೆ ಹೊರಟವರು ದೇವಿಮನೆ ಘಟ್ಟ ಇಳಿದು ಕತಗಾಲದ ಅಂಗಡಿಯೊಂದರಿಂದ ಫೋನ್ ಮಾಡಿದ್ದರು. "ಪೇಟೆ ಎಲ್ಲಿ ಹೋಯಿತು ಮಾರಾಯ್ತಿ?" ಎಂದು ನಕ್ಕಿದ್ದರು ಕೂಡ. ಮಳೆಗಾಲದ ಘಟ್ಟ, ಅಷ್ಟು ತಿರುವು. ಗಾಡಿಗೆ ಒಂದು ಗೀರೂ ಬಿದ್ದಿರಲಿಲ್ಲ. ಕೈಕಾಲಿಗೆ ಎಲ್ಲವೂ ನೆನಪಿದೆ, ಯಾವ ದಿಕ್ಕಿಗೆ ಎಂಬುದೊಂದು ಬಿಟ್ಟು. ಲೈಸೆನ್ಸ್ ಇನ್ನೂ ಮೂರು ವರ್ಷ ಊರ್ಜಿತ. 55 ದಾಟಿದವರು 5 ವರ್ಷಕ್ಕೊಮ್ಮೆ ನವೀಕರಿಸಬೇಕು, ವೈದ್ಯರ ಪ್ರಮಾಣಪತ್ರ ಕೊಡಬೇಕು ಎಂಬುದೇನೋ ಸರಿ. ಆದರೆ ಕಣ್ಣು ನೋಡುತ್ತಾರೆ, ಕಿವಿ ನೋಡುತ್ತಾರೆ. ನಿಮ್ಮ ಮನೆಗೆ ಹೋಗುವ ದಾರಿ ಯಾವುದೆಂದು ಯಾರೂ ಕೇಳುವುದಿಲ್ಲ.

ಮೊದಲು ಕೀಲಿ ಬಚ್ಚಿಟ್ಟು ನೋಡಿದೆ. ಅದು ಬೆಂಗಳೂರಿನಲ್ಲಿರುವ ನನ್ನ ಅಣ್ಣನ ಸಲಹೆ. ಅವನ ಬಳಿ ಎಲ್ಲದಕ್ಕೂ ಸಲಹೆಯಿದೆ, ರಜೆ ಮಾತ್ರ ಇಲ್ಲ. ಮೂರು ದಿನ ಅಪ್ಪಯ್ಯ ಮನೆಯನ್ನೆಲ್ಲ ಜಾಲಾಡಿದರು. ನಾಲ್ಕನೆಯ ದಿನ ಇಪ್ಪತ್ತು ವರ್ಷದಿಂದ ನಮ್ಮ ತೋಟಕ್ಕೆ ಬರುವ ಆಳನ್ನು ಅಂಗಳದಲ್ಲಿ ನಿಲ್ಲಿಸಿಕೊಂಡು, "ಕೀಲಿ ಕಂಡೆಯೇನೋ?" ಎಂದು ಕೇಳಿದರು. ಆ ಕೇಳಿದ ರೀತಿಗೆ ಅವನ ಮುಖ ಸಣ್ಣದಾಯಿತು. ಸಂಜೆಯೇ ಕೀಲಿ ದಿಂಬಿನಡಿಯಲ್ಲಿ 'ಸಿಕ್ಕಿತು'. ಕೀಲಿ ಕಾಣೆಯಾದರೆ ಸಂಶಯ ಮನುಷ್ಯರ ಮೇಲೆ ಹೋಗುತ್ತದೆ. ಗಾಡಿ ಹೊರಡದಿದ್ದರೆ ಗಾಡಿಯ ಮೇಲೆ ಹೋಗುತ್ತದೆ. ಅದೇ ವಾಸಿ ಅನಿಸಿತು. ಮರುದಿನ ಬನವಾಸಿಗೆ ಹೋಗುತ್ತೇನೆಂದು ಅವರು ಅಂಗಿ ತೆಗೆದಿಟ್ಟ ರಾತ್ರಿ, ಅಣ್ಣನ ಇನ್ನೊಂದು ಸಲಹೆಯಂತೆ ಬ್ಯಾಟರಿ ಬಿಚ್ಚಲು ಹೋದೆ.

ಕಾರು ಕೊಂಡ ವರ್ಷ ಅಪ್ಪಯ್ಯ ಹೊರಗಡೆ ಹಾಕಿಸಿದ್ದ ಅಲಾರಮ್ಮಿನ ಸೈರನ್ನಿಗೆ ತನ್ನದೇ ಬ್ಯಾಟರಿಯಿದೆ ಎಂದು ಅಣ್ಣನಿಗೂ ಗೊತ್ತಿರಲಿಲ್ಲ, ನನಗೂ ಇಲ್ಲ. ಕಳ್ಳ ಮೊದಲು ಮಾಡುವ ಕೆಲಸವೇ ತಂತಿ ಕೀಳುವುದಂತೆ. ಹಾಗಾಗಿ ಗಾಡಿಯ ಕರೆಂಟು ಹೋದ ಕೂಡಲೇ ಅದು ತನ್ನೊಳಗಿನ ಬ್ಯಾಟರಿಯಿಂದ ಬಾಯಿ ಮಾಡುತ್ತದೆ. ರಿಮೋಟು ಒತ್ತಿದರೂ ನಿಲ್ಲಲಿಲ್ಲ. ನಿಲ್ಲುವುದಾದರೂ ಹೇಗೆ, ರಿಮೋಟಿನ ಮಾತು ಕೇಳಬೇಕಾದ ಪೆಟ್ಟಿಗೆಗೇ ನಾನು ಕರೆಂಟು ತಪ್ಪಿಸಿದ್ದೆ. ಕೆಳಗಿನ ಮನೆಯ ಭಾವ ದೊಣ್ಣೆ ಹಿಡಿದುಕೊಂಡೇ ಬಂದರು. ನನ್ನನ್ನು ಕಂಡು ದೊಣ್ಣೆಯನ್ನು ಬೆನ್ನ ಹಿಂದೆ ಇಟ್ಟುಕೊಂಡರು. ಅವರು ಒಳ್ಳೆಯವರು, ಆದರೆ ಮರುದಿನ ಬೆಳಗಾಗುವುದರೊಳಗೆ ಊರಿಗೆಲ್ಲ ಹೇಳಿ ಮುಗಿಸುವವರು.

ಅಪ್ಪಯ್ಯ ಗಲಿಬಿಲಿಗೊಳ್ಳಲಿಲ್ಲ. ಬಗ್ಗಿ ಸೈರನ್ನಿನ ಬದಿಗೆ ಟಾರ್ಚು ಹಾಕಿ, ಅಲ್ಲಿದ್ದ ದುಂಡನೆಯ ತೂತನ್ನು ನೋಡಿ, "ತಡೆ" ಎಂದು ಒಳಗೆ ಹೋದರು. ಬೆಳಿಗ್ಗೆ ತಿಂದ ದೋಸೆ ಮಧ್ಯಾಹ್ನಕ್ಕೆ ನೆನಪಿರದ ಮನುಷ್ಯ ನೇರ ದೇವರ ಗೂಡಿಗೆ ಹೋಗಿ, ಹಳೆಯ ಕುಂಕುಮದ ಭರಣಿಯೊಳಗಿಂದ ಬೆರಳುದ್ದದ ಕೀಲಿ ತಂದು, ತೂತಿಗೆ ಹಾಕಿ ಕಾಲು ಸುತ್ತು ತಿರುಗಿಸಿದರು. ಊರು ಒಮ್ಮೆಲೇ ನಿಶ್ಶಬ್ದವಾಯಿತು. ಹೆಂಚಿನಿಂದ ನೀರು ತೊಟ್ಟಿಕ್ಕುವುದು ಕೇಳಿಸಿತು. ಅವರ ಹೆಬ್ಬೆರಳು ಕೆಂಪಾಗಿತ್ತು. ನಾನು ಏನು ಮಾಡುತ್ತಿದ್ದೆನೆಂದು ಅವರು ಕೇಳಲಿಲ್ಲ.

ಕೇಳಿದ್ದರೆ ಚೆನ್ನಾಗಿತ್ತು. ಮನೆಯವರನ್ನು ಗುರುತಿಸದ ದಡ್ಡ ಯಂತ್ರ ಎಂದು ಆ ರಾತ್ರಿ ಸೈರನ್ನನ್ನೇ ಬೈದುಕೊಂಡೆ. ಆದರೆ ಅದು ತಪ್ಪಾಗಿ ಕಿರುಚಿದ್ದಲ್ಲ. ಒಡೆಯ ಮಲಗಿದ ಮೇಲೆ ಅವನಿಗೆ ಹೇಳದೆ ಅವನ ಗಾಡಿಗೆ ಕೈ ಹಾಕಿದವಳು ನಾನು. ಅದನ್ನು ತಂದು ನಿಲ್ಲಿಸಿದ್ದೇ ಅಂಥವರಿಗಾಗಿ.

ಸೋಮವಾರ ಗಾಡಿ ವಯರಿಂಗ್ ಮಾಡುವ ಹುಡುಗ ಬಂದ. ಅಪ್ಪಯ್ಯ ಊಟ ಮಾಡಿ ಮಲಗಿದ ಹೊತ್ತು ನೋಡಿ ನಾನೇ ಕರೆಸಿದ್ದು. ಗುಟ್ಟಿನ ಸ್ವಿಚ್ ಬೇಕೆಂದೆ. "ಕಳ್ಳರ ಕಾಟವೇ ಅಕ್ಕಾ?" ಎಂದ. ಹೇಳಿದೆ. ಅವನು ತಲೆಯಾಡಿಸಿ, "ಹೀಗೆ ಹೇಳಿದವರಲ್ಲಿ ನೀವು ಈ ವರ್ಷ ಮೂರನೆಯವರು" ಎಂದ. ಇಷ್ಟು ಸಮಾಧಾನ ನನಗೆ ಅಣ್ಣನಿಂದ ಸಿಕ್ಕಿರಲಿಲ್ಲ.

ಸ್ಟಾರ್ಟರಿನ ತಂತಿಗೆ ಸ್ವಿಚ್ ಹಾಕುವುದು ಕ್ಷೇಮ, ಓಡುವಾಗ ಕೈತಪ್ಪಿ ಆಫ್ ಆದರೂ ಎಂಜಿನ್ ನಿಲ್ಲುವುದಿಲ್ಲ ಎಂದವನು, ಎದ್ದು ನಮ್ಮ ಅಂಗಳ ನೋಡಿದ. ಗೇಟಿನ ಕಡೆಗೆ ಇಳಿಜಾರು. ಕಾರಿನ ಮೂತಿಯೂ ಅತ್ತಲೇ. "ಹಳೆಯ ಕೈ ಅಲ್ಲವೇ? ಇಳಿಜಾರಿಗೆ ಬಿಟ್ಟು ಎರಡನೇ ಗೇರಿಗೆ ಹಾಕಿ ಎಬ್ಬಿಸಿಬಿಡುತ್ತಾರೆ." ಹೌದು, ನಲವತ್ತು ವರ್ಷದಿಂದ ಅಪ್ಪಯ್ಯ ಗಾಡಿ ನಿಲ್ಲಿಸುವುದೇ ಹಾಗೆ. ಕೊನೆಗೆ ಪೆಟ್ರೋಲ್ ಪಂಪಿನ ರಿಲೇಗೆ ಹಾಕುವುದೆಂದಾಯಿತು. ಪಂಪಿಗೆ ಕರೆಂಟು ಹೋಗದಿದ್ದರೆ ಎಂಜಿನ್ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ, ತಳ್ಳಿದರೂ ಅಷ್ಟೇ. ಆದರೆ ಓಡುವಾಗ ಆಫ್ ಆದರೆ ಎಂಜಿನ್ ಸತ್ತು ಸ್ಟೀರಿಂಗೂ ಬ್ರೇಕೂ ಗಟ್ಟಿಯಾಗುತ್ತವೆ, ಘಟ್ಟದಲ್ಲಿ ಅದು ಆಟವಲ್ಲ ಎಂದು ನನಗೆ ಎರಡೆರಡು ಸಲ ಹೇಳಿ, ಯಾರ ಕೈಯೂ ತಾಗದ ಕಡೆ ಕೂರಿಸಿದ. ಎಲ್ಲಿ ಎಂದು ಇಲ್ಲಿ ಬರೆಯುವುದಿಲ್ಲ. ಭಾವನ ಮಗಳು ಇದನ್ನೆಲ್ಲ ಓದುತ್ತಾಳೆ. ಸೈರನ್ನನ್ನೂ ಬಿಚ್ಚಿಸಿದೆ. ಈಗ ಅದು ಅಟ್ಟದ ಮೇಲೆ ಗೋಣಿಚೀಲದಲ್ಲಿದೆ.

ನಿನ್ನೆ ಬೆಳಿಗ್ಗೆ ಅಪ್ಪಯ್ಯ ಕಾರಿನಲ್ಲಿ ಕುಳಿತು ಕೀಲಿ ತಿರುಗಿಸಿದರು. ನಾನು ಅಡುಗೆಮನೆಯ ಕಿಟಕಿಯಲ್ಲಿದ್ದೆ. ಕೊರಕೊರ ಎಂದಿತು, ಹತ್ತಲಿಲ್ಲ. ಮತ್ತೊಮ್ಮೆ. ಆಮೇಲೆ ಕೀಲಿಯನ್ನು ಅರ್ಧ ಮಾತ್ರ ತಿರುಗಿಸಿ, ಕಣ್ಣು ಮುಚ್ಚಿ, ಹಿಂದಿನ ಸೀಟಿನ ಕಡೆಗೆ ಕಿವಿ ಕೊಟ್ಟು ಕುಳಿತರು. ಇಳಿದು ಬಂದು ಜಗುಲಿಯಲ್ಲಿ ಕವಳದ ಬಟ್ಟಲು ಎಳೆದುಕೊಂಡರು.

"ಪಂಪಿನ ಸದ್ದಿಲ್ಲ ತಂಗಿ. ಕೀಲಿ ಹಾಕಿದ ಕೂಡಲೇ ಜುಂಯ್ ಎನ್ನಬೇಕು, ಎನ್ನುತ್ತಿಲ್ಲ. ಪಂಪಿಗೆ ಕರೆಂಟೇ ಬರುತ್ತಿಲ್ಲ. ಆ ವಯರಿಂಗ್ ಹುಡುಗನಿಗೆ ಹೇಳು."

"ಹೇಳುತ್ತೇನೆ ಅಪ್ಪಯ್ಯ."

ಎಲೆಗೆ ಸುಣ್ಣ ಹಚ್ಚುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಅವನು ಬ್ಯಾಟರಿ ಬಿಚ್ಚಿದರೆ ಸೈರನ್ ಕೂಗುತ್ತದೆ, ಹೆದರಬೇಡ. ಕೀಲಿ ಕುಂಕುಮದ ಭರಣಿಯಲ್ಲಿದೆ."