ಲಿಟಲ್ ಜಮೈಕಾದಲ್ಲಿ ಚೀಟಿ ಹಾಕುವವರು

ಲಿಟಲ್ ಜಮೈಕಾ ಅಂತ ಕರೆಯುವ ಟೊರಾಂಟೊದ ಎಗ್ಲಿಂಟನ್ ವೆಸ್ಟ್ ರಸ್ತೆಯ ಅಂಗಡಿಯವರನ್ನು "ಬಂಡವಾಳ ಎಲ್ಲಿಂದ ತಂದಿರಿ?" ಅಂತ ಕೇಳಿ ನೋಡಿ. "ದುಡಿದು ಉಳಿಸಿದ್ದೆ" ಅನ್ನುತ್ತಾರೆ, ಮಾತು ಅಲ್ಲಿಗೇ ಮುಗಿಯುತ್ತದೆ. ಫೋನಿನ ರೆಕಾರ್ಡಿಂಗ್ ನಿಲ್ಲಿಸಿ, ಅವರಲ್ಲೇ ಏನಾದರೂ ಕೊಂಡು ತಿಂದು, ನಮ್ಮೂರಿನದೂ ನಾಲ್ಕು ಮಾತಾಡಿ, ಮತ್ತೆ ಅದೇ ವಿಷಯಕ್ಕೆ ಬಂದರೆ ಆಗ ನಿಜ ಹೊರಬೀಳುತ್ತದೆ. "ಪಾರ್ಡ್ನರ್ ಎತ್ತಿದೆ, ಮತ್ತಿನ್ನೇನು?" ಪಾರ್ಡ್ನರ್ ಅಂದರೆ ಜಮೈಕಾದವರ ಚೀಟಿ.

ಇಲ್ಲಿನ ಸಣ್ಣ ವ್ಯಾಪಾರಿಗಳ ಅನುಭವ ದಾಖಲಿಸುವ ಒಂದು ಕೆಲಸಕ್ಕೆ ವಾರಾಂತ್ಯಗಳಲ್ಲಿ ಹೋಗುತ್ತಿದ್ದೇನೆ. ನನ್ನ ಪಾಲಿಗೆ ಬಂದದ್ದು ಕೆರಿಬಿಯನ್ ದ್ವೀಪಗಳವರ ಅಂಗಡಿಗಳು. ಕೈಗೆ ಕೊಟ್ಟ ಪ್ರಶ್ನೆಪಟ್ಟಿ ಮಾತ್ರ ಎಂಬಿಎ ತರಗತಿಯದು. "ಐದು ವರ್ಷಗಳಲ್ಲಿ ನಿಮ್ಮನ್ನು ನೀವು ಎಲ್ಲಿ ಕಾಣುತ್ತೀರಿ?" ಅಂತ ಒಬ್ಬ ಜಮೈಕನ್ ಕ್ಷೌರಿಕರನ್ನು ಕೇಳಿದೆ. "ಬಾಡಿಗೆ ಏರದಿದ್ದರೆ ಇದೇ ಕುರ್ಚಿಯ ಹಿಂದೆ" ಅಂದರು. ಕಾಯುತ್ತ ಕೂತಿದ್ದ ಗಿರಾಕಿಗಳೆಲ್ಲ ನಕ್ಕರು. ಆಮೇಲೆ ಆ ಪಟ್ಟಿಯನ್ನು ನಾನು ಚೀಲದಿಂದ ಹೊರಗೆ ತೆಗೆಯಲೇ ಇಲ್ಲ.

ಇವರು ಇಲ್ಲಿಗೆ ಬಂದ ದಾರಿ ನಮ್ಮ ಸಾಫ್ಟ್‌ವೇರ್ ಜನರದ್ದಲ್ಲ. 1955ರಲ್ಲಿ ಕೆನಡಾ ಸರ್ಕಾರ ಜಮೈಕಾ ಮತ್ತು ಬಾರ್ಬಡೋಸ್‌ನಿಂದ ಮದುವೆಯಾಗದ ಹೆಣ್ಣುಮಕ್ಕಳನ್ನು ಮನೆಗೆಲಸಕ್ಕೆಂದು ಕರೆಸಿಕೊಳ್ಳುವ ಯೋಜನೆ ತಂದಿತು. ಒಂದು ವರ್ಷ ಯಾರದೋ ಮನೆಯಲ್ಲಿ ದುಡಿದರೆ ಇಲ್ಲೇ ನೆಲೆಸಬಹುದಿತ್ತು. ಮೊದಲ ತಂಡದಲ್ಲಿ ಬಂದದ್ದು ನೂರು ಮಂದಿ. 1967ರಲ್ಲಿ ವಲಸೆಗೆ ಅಂಕಗಳ ಪದ್ಧತಿ ಬಂದ ಮೇಲೆ ಸಂಖ್ಯೆ ಬೆಳೆಯಿತು. ಎಗ್ಲಿಂಟನ್ ವೆಸ್ಟ್‌ನಲ್ಲಿ ಕ್ಷೌರದ ಅಂಗಡಿ, ರೆಕಾರ್ಡ್ ಅಂಗಡಿ, ಊರಿಗೆ ಬ್ಯಾರಲ್ ಕಳಿಸುವ ಅಂಗಡಿ ಒಂದರ ಪಕ್ಕ ಒಂದು ಎದ್ದವು. ಬ್ಯಾರಲ್ ಅಂಗಡಿ ನೋಡುವಂಥದ್ದು. ಆಳೆತ್ತರದ ಡ್ರಮ್ಮಿಗೆ ಇಷ್ಟು ಅಂತ ದರ, ತೂಕದ ಲೆಕ್ಕವಿಲ್ಲ. ಹಾಗಾಗಿ ಅಕ್ಕಿ, ಎಣ್ಣೆ, ಸೋಪು, ಮಕ್ಕಳ ಶೂ ಎಲ್ಲ ತುರುಕಿ, ಶೂ ಒಳಗೆ ಕಾಲುಚೀಲ ತುರುಕಿ ಜಮೈಕಾದ ಕಿಂಗ್‌ಸ್ಟನ್ನಿಗೆ ಕಳಿಸುತ್ತಾರೆ. ಕ್ರಿಸ್‌ಮಸ್ ಮುಂಚಿನ ವಾರಗಳಲ್ಲಿ ಅಲ್ಲಿ ಸಂದರ್ಶನ ಕೇಳಿದರೆ ಬೈಸಿಕೊಳ್ಳುವುದು ಖಾತ್ರಿ.

ಪಾರ್ಡ್ನರ್ ವಿಷಯಕ್ಕೆ ಬರುತ್ತೇನೆ. ಇಪ್ಪತ್ತು ಜನ ವಾರಕ್ಕೆ ನೂರು ಡಾಲರ್ ಹಾಕುತ್ತಾರೆ ಅಂದುಕೊಳ್ಳಿ. ಪ್ರತಿ ವಾರ ಒಬ್ಬರಿಗೆ ಎರಡು ಸಾವಿರ. ಹಾಕುವ ಕಂತಿಗೆ 'ಹ್ಯಾಂಡ್', ಎತ್ತುವ ಮೊತ್ತಕ್ಕೆ 'ಡ್ರಾ', ದುಡ್ಡು ಕೂಡಿಸುವವರಿಗೆ 'ಬ್ಯಾಂಕರ್' ಅನ್ನುತ್ತಾರೆ. ಟ್ರಿನಿಡಾಡ್‌ನವರಿಗೆ ಇದೇ 'ಸುಸು', ಗಯಾನಾದವರಿಗೆ 'ಬಾಕ್ಸ್ ಹ್ಯಾಂಡ್'. ಪಶ್ಚಿಮ ಆಫ್ರಿಕಾದಿಂದ ಗುಲಾಮರಾಗಿ ಬಂದವರ ಜೊತೆ ಅಟ್ಲಾಂಟಿಕ್ ದಾಟಿದ ಪದ್ಧತಿ ಇದು. ಬ್ಯಾಂಕರ್ ಹೆಚ್ಚಾಗಿ ಹೆಂಗಸೇ. ಇಲ್ಲಿನ ಪ್ರಾಧ್ಯಾಪಕಿ ಕ್ಯಾರೊಲಿನ್ ಶೆನಾಜ್ ಹೊಸೇನ್ ಈ 'ಬ್ಯಾಂಕರ್ ಲೇಡೀಸ್' ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡಿ, ಇದನ್ನು ಕದ್ದುಮುಚ್ಚಿ ಮಾಡುವ ವ್ಯವಹಾರದಂತೆ ನೋಡಬೇಡಿ ಅಂತ ವಾದಿಸುತ್ತಾ ಬಂದಿದ್ದಾರೆ. ಒಮ್ಮೆಲೇ ನಗದು ತಂದು ಖಾತೆಗೆ ಕಟ್ಟುವ ಕಪ್ಪು ಹೆಂಗಸನ್ನು ಬ್ಯಾಂಕಿನವರು ಅನುಮಾನಿಸುತ್ತಾರೆ. ರೆಕಾರ್ಡರ್ ಮುಂದೆ ಬಾಯಿ ಕಟ್ಟುವುದು ಅದಕ್ಕೇ.

ನಮ್ಮತ್ತೆ ಹಾಸನದಲ್ಲಿ ಚೀಟಿ ನಡೆಸಿದವರು. ಆ ಕಥೆ ಹೇಳಿದ ಮೇಲೆ ನನಗೆ ಬಾಗಿಲು ತೆರೆಯಿತು. ಡಬಲ್ಸ್ ಮಾರುವ ಟ್ರಿನಿಡಾಡ್‌ನ ಒಬ್ಬ ಆಂಟಿ (ಬಾರಾ ಅನ್ನುವ ಎರಡು ಮೆತ್ತನೆ ಕರಿದ ರೊಟ್ಟಿ, ಮಧ್ಯೆ ಕಡಲೆಕಾಳಿನ ಪಲ್ಯ, ಕೈಯೆಲ್ಲ ಎಣ್ಣೆ) ನಮ್ಮ ಚೀಟಿಯ ಕೂಗಿನ ವಿಷಯ ಕೇಳಿ ಬೆಚ್ಚಿದರು. ಅರ್ಜೆಂಟ್ ಇರುವವರು ಹೆಚ್ಚು ಬಿಟ್ಟು ಚೀಟಿ ಎತ್ತುತ್ತಾರೆ, ಬಿಟ್ಟದ್ದನ್ನು ಉಳಿದವರು ಹಂಚಿಕೊಳ್ಳುತ್ತಾರೆ ಅಂದೆ. "ಕಷ್ಟದಲ್ಲಿ ಇರುವವಳಿಂದಲೇ ಕಿತ್ತುಕೊಳ್ಳುವುದಾ?" ಅವರ ಸುಸುವಿನಲ್ಲಿ ಹಾಕಿದಷ್ಟೇ ಬರುತ್ತದೆ. ಅವಸರ ಬಿದ್ದರೆ ಬ್ಯಾಂಕರ್ ಹತ್ತಿರ ಹೋಗಿ ಹೇಳಿಕೊಳ್ಳಬೇಕು, ಅವಳು ಸರದಿ ಬದಲಿಸಿ ಕೊಡುತ್ತಾಳೆ. ಯಾರಾದರೂ ಕಂತು ತಪ್ಪಿಸಿದರೆ ತನ್ನ ಕೈಯಿಂದ ತುಂಬುತ್ತಾಳೆ. ಹೆಸರು ಉಳಿಯಬೇಕಲ್ಲ.

ನಾನು ನಮ್ಮ ಚೀಟಿಯ ಪರ ವಾದಿಸಿದೆ. ಕೂಗಿನಲ್ಲಿ ದುಡ್ಡು ಹೋಗಬಹುದು, ಆದರೆ ಗಂಡ ಕುಡಿಯುತ್ತಾನೆ, ಮಗನ ಫೀಸು ಬಾಕಿ ಅಂತ ಇನ್ನೊಬ್ಬಳ ಮುಂದೆ ಬಿಚ್ಚಿಡಬೇಕಾಗಿಲ್ಲ. ಆಂಟಿ ಒಪ್ಪಲಿಲ್ಲ. ನಾನೂ ಸೋಲಲಿಲ್ಲ.

ಇವರಲ್ಲಿ ಎಲ್ಲರೂ ಹೆಮ್ಮೆಯಿಂದ ಹೇಳುವ ಕಥೆ ಪ್ಯಾಟಿಯದು. ಅರಿಸಿನ ಬಣ್ಣದ, ಕರ್ಜಿಕಾಯಿ ಆಕಾರದ ಪೇಸ್ಟ್ರಿ. ಒಳಗೆ ಸಾಮಾನ್ಯವಾಗಿ ದನದ ಮಾಂಸ. (ನಾನು ತಿಂದದ್ದು ತರಕಾರಿಯದು.) 1985ರಲ್ಲಿ ಒಕ್ಕೂಟ ಸರ್ಕಾರದ ಆಹಾರ ತನಿಖಾಧಿಕಾರಿಗಳು ಬಂದು "ಬೀಫ್ ಪ್ಯಾಟಿ ಅಂತ ಬರೆಯುವ ಹಾಗಿಲ್ಲ" ಅಂದರು. ನಿಯಮದ ಪ್ರಕಾರ ಬೀಫ್ ಪ್ಯಾಟಿ ಅಂದರೆ ಹ್ಯಾಂಬರ್ಗರ್ ಒಳಗಿನ ಮಾಂಸದ ಬಿಲ್ಲೆ, ಹಿಟ್ಟಿನ ಹೊದಿಕೆ ಇರಕೂಡದು. ಕೆನ್ಸಿಂಗ್ಟನ್ ಮಾರ್ಕೆಟ್‌ನ ಪ್ಯಾಟಿ ವ್ಯಾಪಾರಿ ಮೈಕೆಲ್ ಡೇವಿಡ್ಸನ್ ಬೋರ್ಡು ಬದಲಿಸಲು ಒಪ್ಪದೆ ಪತ್ರಿಕೆಗಳವರೆಗೆ ಹೋದರು. ಕೊನೆಗೆ 'ಜಮೈಕನ್ ಪ್ಯಾಟಿ' ಅಂತ ಬರೆಯುವುದಕ್ಕೆ ರಾಜಿಯಾಯಿತು. 2012ರಲ್ಲಿ ನಗರವೇ ಫೆಬ್ರುವರಿ 23ನ್ನು ಪ್ಯಾಟಿ ದಿನ ಅಂತ ಘೋಷಿಸಿತು. ದಂಡ ಹಾಕುತ್ತೇವೆ ಅಂದ ಸರ್ಕಾರಕ್ಕೆ ಹೆದರದವರು ಇದೇ ಸಣ್ಣ ಅಂಗಡಿಯವರು.

ಅವರನ್ನು ಸೋಲಿಸಿದ್ದು ರೈಲು. ಎಗ್ಲಿಂಟನ್ ಉದ್ದಕ್ಕೂ ಲಘು ರೈಲು ಮಾರ್ಗದ ಕಾಮಗಾರಿ 2011ರಲ್ಲಿ ಶುರುವಾಯಿತು. 2020ಕ್ಕೆ ಮುಗಿಯಬೇಕಿದ್ದದ್ದು ವರ್ಷಗಟ್ಟಲೆ ಎಳೆಯಿತು. ಫುಟ್‌ಪಾತ್‌ಗೆ ಬೇಲಿ, ಪಾರ್ಕಿಂಗ್ ಇಲ್ಲ, ಗಿರಾಕಿ ಇಲ್ಲ. ನೂರಕ್ಕೂ ಹೆಚ್ಚು ಅಂಗಡಿಗಳು ಮುಚ್ಚಿದವು ಅಂತ ಇಲ್ಲಿನ ಪತ್ರಿಕೆಗಳು ಬರೆದವು. ಹೆಸರಾಂತ ರ‍್ಯಾಂಡೀಸ್ ಪ್ಯಾಟಿ ಅಂಗಡಿ 2022ರಲ್ಲಿ ಬಾಗಿಲು ಹಾಕಿತು. 2015ರಲ್ಲಿ ಇಲ್ಲಿನ ಒಂದು ಗಲ್ಲಿಗೆ ಜಮೈಕಾದ ಸಂಗೀತದ ನೆನಪಿಗೆ 'ರೆಗ್ಗೆ ಲೇನ್' ಅಂತ ಹೆಸರಿಟ್ಟಿದ್ದರು; ಹೆಸರಿಡುವುದಕ್ಕೆ ಖರ್ಚು ಕಡಿಮೆ.

ಕ್ಷೌರಿಕರು ಬಿಡಿಸಿ ಹೇಳಿದ ಲೆಕ್ಕ ಇದು. ಪಾರ್ಡ್ನರ್ ಎತ್ತಿದರೆ ಕುರ್ಚಿ ಬರುತ್ತದೆ, ಕನ್ನಡಿ ಬರುತ್ತದೆ, ಅಡ್ವಾನ್ಸ್ ಕಟ್ಟಬಹುದು. ಕಟ್ಟಡ ಬರುವುದಿಲ್ಲ. 1950ರ ದಶಕದಲ್ಲಿ ಲಂಡನ್ನಿಗೆ ಹೋದ ಜಮೈಕನ್ನರಿಗೆ ಬ್ಯಾಂಕು ಸಾಲ ಕೊಡದಿದ್ದಾಗ ಅವರು ಇದೇ ಪಾರ್ಡ್ನರ್ ದುಡ್ಡಲ್ಲಿ ಮನೆಗೆ ಮುಂಗಡ ಕಟ್ಟಿದರು, ಆಗಿನ ಬೆಲೆಗೆ ಅದು ಸಾಕಾಯಿತು. ಇವತ್ತಿನ ಟೊರಾಂಟೊದ ಬೆಲೆಗೆ ಇಪ್ಪತ್ತು ಜನರ ಕಂತು ಯಾವ ಮೂಲೆಗೂ ಸಾಲದು. ಎಗ್ಲಿಂಟನ್ನಿನ ವ್ಯಾಪಾರಿಗಳಲ್ಲಿ ಹೆಚ್ಚಿನವರು ಬಾಡಿಗೆದಾರರು. ರಸ್ತೆ ಅಗೆದಾಗ ನಷ್ಟ ಅವರದ್ದು, ರೈಲಿನಿಂದ ಜಾಗದ ಬೆಲೆ ಏರಿದರೆ ಲಾಭ ಕಟ್ಟಡದ ಮಾಲೀಕರದ್ದು.

ಸಮುದಾಯದವರೇ ಒಂದು ಟ್ರಸ್ಟ್ ಮಾಡಿಕೊಂಡು ಕಟ್ಟಡಗಳನ್ನು ಕೊಂಡು ಕೈಯಲ್ಲಿ ಇಟ್ಟುಕೊಳ್ಳುವ ಪ್ರಯತ್ನ ಈಗ ನಡೆದಿದೆ. ಅದರ ಬಗ್ಗೆ ಏನನ್ನುತ್ತೀರಿ ಅಂತ ಕ್ಷೌರಿಕರನ್ನೇ ಕೇಳಿದೆ. ಮೆಷಿನ್ ನಿಲ್ಲಿಸದೆ ಹೇಳಿದರು: "ಒಳ್ಳೆಯದೇ. ಬ್ಯಾಂಕರ್ ಯಾರು ಅಂತ ಮೊದಲು ಹೇಳಲಿ."